ದುರ್ಗದಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಎಷ್ಟು ಸ್ಟೇಜು?

"ಅಲ್ಲಿಗೆ ಎಷ್ಟು ದೂರ ಆಗುತ್ತೆ?"

ಊರಿಗೆ ಹೋದಾಗೆಲ್ಲ ಒಬ್ಬರಲ್ಲ ಒಬ್ಬರು ಕೇಳೇ ಕೇಳುತ್ತಾರೆ. ನಾನೂ ಯೋಚನೆ ಮಾಡದೆ "ಇಪ್ಪತ್ತನಾಲ್ಕು ಗಂಟೆ" ಅಂದುಬಿಡುತ್ತೇನೆ. ಕೇಳಿದವರು "ಅಬ್ಬಾ!" ಅಂತ ಬಾಯಿಯ ಮೇಲೆ ಕೈ ಇಟ್ಟುಕೊಳ್ಳುತ್ತಾರೆ. ಅಲ್ಲಿಗೆ ಮಾತು ಮುಗಿಯಿತು. ನೀವೂ ಹೊರದೇಶದಲ್ಲಿ ಇರುವವರಾದರೆ ಹೀಗೇ ಹೇಳಿರುತ್ತೀರಿ, ಅಲ್ವಾ? ಗಂಟೆಯ ಲೆಕ್ಕ ಹೇಳಿದರೆ ಎಲ್ಲರಿಗೂ ಸಮಾಧಾನ.

ಎಲ್ಲರಿಗೂ, ನಮ್ಮಪ್ಪನೊಬ್ಬರನ್ನು ಬಿಟ್ಟು.

"ಪುಟ್ಟಿ, ನೀನು ಹೇಳ್ತಾ ಇರೋದು ಟೈಮು. ನಾನು ಕೇಳಿದ್ದು ದೂರ. ಕಿಲೋಮೀಟ್ರು ಎಷ್ಟು?"

ಅಪ್ಪ ಮೂವತ್ತೊಂದು ವರ್ಷ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. 1973ರಲ್ಲಿ ಸೇರಿ 2004ರಲ್ಲಿ ನಿವೃತ್ತರಾದರು. ಆ ಮೂವತ್ತೊಂದು ವರ್ಷದಲ್ಲಿ ಹೆಚ್ಚುಕಮ್ಮಿ ಇಪ್ಪತ್ತು ವರ್ಷ ಒಂದೇ ರೂಟು: ಚಿತ್ರದುರ್ಗದಿಂದ ಬೆಂಗಳೂರು, ಬೆಂಗಳೂರಿನಿಂದ ಚಿತ್ರದುರ್ಗ. ದುರ್ಗ, ಐಮಂಗಲ, ಹಿರಿಯೂರು, ಶಿರಾ, ತುಮಕೂರು, ಡಾಬಸ್‌ಪೇಟೆ, ನೆಲಮಂಗಲ, ಯಶವಂತಪುರ, ಮೆಜೆಸ್ಟಿಕ್. ನಾವು ಮಕ್ಕಳು ಮಗ್ಗಿ ಕಲಿಯುವುದಕ್ಕೆ ಮೊದಲೇ ಇದನ್ನು ಕಲಿತಿದ್ದೆವು. ಒಟ್ಟು ಇನ್ನೂರು ಕಿಲೋಮೀಟರ್, ನಾಲ್ಕೂವರೆ ಗಂಟೆ ರನ್ನಿಂಗ್ ಟೈಮು. ಈಗಿನ ರಸ್ತೆಯಲ್ಲಿ ಅಷ್ಟು ಹೊತ್ತು ಬೇಡ ಬಿಡಿ. ನಾನು ಹೇಳುತ್ತಿರುವುದು ಎರಡೂ ಕಡೆಯಿಂದ ಲಾರಿಗಳು ಒಂದೇ ಪಟ್ಟಿಯ ರಸ್ತೆಯಲ್ಲಿ ಎದುರುಬದುರು ಬರುತ್ತಿದ್ದ ಕಾಲದ ಮಾತು.

ಅಪ್ಪನ ಪ್ರಕಾರ ದೂರ ಮತ್ತು ಟೈಮು ಎರಡೂ ಬೇರೆಬೇರೆ ಇಲಾಖೆ. "ದೂರ ಸರ್ಕಾರದ್ದು, ಟೈಮು ಡ್ರೈವರಂದು" ಅನ್ನೋರು. ಟಿಕೆಟ್ ದುಡ್ಡು ದೂರಕ್ಕೆ ಹೊರತು ಟೈಮಿಗಲ್ಲ. ಬಸ್ಸು ಶಿರಾ ಹತ್ತಿರ ಕೆಟ್ಟು ಎರಡು ತಾಸು ನಿಂತರೂ ಹಿರಿಯೂರಿಗೆ ಹೋಗುವವನು ಕೊಡಬೇಕಾದ್ದು ಅಷ್ಟೇ. ಹಾಗಾಗಿ ನಾನು "ಇಪ್ಪತ್ತನಾಲ್ಕು ಗಂಟೆ" ಅಂದಾಗ ಅವರಿಗೆ ಅದು ಉತ್ತರವೇ ಅಲ್ಲ. ಮೇಲಾಗಿ ಅದರಲ್ಲಿ ಹಾಲ್ಟಿಂಗ್ ಎಷ್ಟು, ರನ್ನಿಂಗ್ ಎಷ್ಟು ಅಂತ ಬಿಡಿಸಿ ಹೇಳದಿದ್ದರೆ ಚೆಕಿಂಗ್ ಇನ್‌ಸ್ಪೆಕ್ಟರ್ ಮುಖ ಮಾಡಿಕೊಂಡು ಕೂರುತ್ತಿದ್ದರು.

ನಾನು ಮೊದಲ ಸಲ ಹೋದದ್ದು 2006ರಲ್ಲಿ. ಆಗಿನ್ನೂ ದೇವನಹಳ್ಳಿಯ ನಿಲ್ದಾಣ ಇರಲಿಲ್ಲ, ಅದು ಶುರುವಾದದ್ದು 2008ರ ಮೇ ತಿಂಗಳಲ್ಲಿ. ಹಳೇ ಎಚ್‌ಎಎಲ್ ನಿಲ್ದಾಣದ ಮುಂದೆ ಮಧ್ಯರಾತ್ರಿ ಅಮ್ಮ ಅಳುತ್ತಾ ನಿಂತಿದ್ದರೆ, ಅಪ್ಪ ನನ್ನ ಟಿಕೆಟ್ಟಿನ ಪ್ರಿಂಟೌಟನ್ನು ದೀಪದ ಕೆಳಗೆ ಹಿಡಿದು ಓದುತ್ತಿದ್ದರು. "ಇದೇನೇ, ಇದರಲ್ಲಿ ಕಿಲೋಮೀಟರೇ ಹಾಕಿಲ್ಲ!" ಅಂತ ಅವರ ಆಕ್ಷೇಪಣೆ. ಮಗಳು ದೇಶ ಬಿಟ್ಟು ಹೋಗುತ್ತಿದ್ದಾಳೆ, ಈ ಮನುಷ್ಯನಿಗೆ ಕಿಲೋಮೀಟರಿನ ಚಿಂತೆ ಅಂತ ಅಮ್ಮನಿಗೆ ಅಳುವಿನ ಮಧ್ಯೆಯೂ ಕೋಪ ಬಂದಿತ್ತು.

ಆ ಸಲ ನಾನು ಹೋದದ್ದು ಫ್ರಾಂಕ್‌ಫರ್ಟ್ ಮೇಲೆ. ಬೆಂಗಳೂರಿನಿಂದ ಫ್ರಾಂಕ್‌ಫರ್ಟಿಗೆ ಸುಮಾರು 7,400 ಕಿಲೋಮೀಟರ್, ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಸುಮಾರು 9,150. ಸೇರಿಸಿದರೆ 16,550. ಅಲ್ಲಿಗೆ ಹೋಗಿ ಸೇರಿದ ವಾರದಲ್ಲೇ ಹುಡುಕಿ ತೆಗೆದು ಫೋನಿನಲ್ಲಿ ಹೇಳಿದೆ. ಆಗ ಫೋನ್ ಕಾರ್ಡಿನ ಕಾಲ, ಮಾತಾಡುವ ಪ್ರತಿ ನಿಮಿಷಕ್ಕೂ ದುಡ್ಡು. ಆ ಕಡೆಯಿಂದ ಪೆನ್ನು ಹುಡುಕುವ ಸದ್ದು. "ಹ್ಞಾಂ... ಹದಿನಾರು ಸಾವಿರದ ಐನೂರ ಐವತ್ತು. ಅಂದ್ರೆ ದುರ್ಗ ಬೆಂಗಳೂರು ಎಂಬತ್ತೆರಡೂ ಮುಕ್ಕಾಲು ಸಿಂಗಲ್ಲು" ಅಂದರು. ಸಿಂಗಲ್ ಅಂದರೆ ಒಂದು ಕಡೆಯ ಟ್ರಿಪ್ಪು. ಆಮೇಲೆ ಯಾಕೋ ಧ್ವನಿ ಹಗುರಾಯಿತು. "ಅಷ್ಟೇನಾ? ಅದು ನಾನು ಎರಡು ಮೂರು ತಿಂಗಳಲ್ಲಿ ಓಡಾಡೋ ದೂರ."

ನನಗೂ ಆವತ್ತು ರಾತ್ರಿ ಸ್ವಲ್ಪ ಒಳ್ಳೆಯ ನಿದ್ದೆ ಬಂತು.

ಆದರೆ ಅದು ಸುತ್ತು ದಾರಿ. ಅಪ್ಪನಿಗೆ ಬೇಕಾಗಿದ್ದದ್ದು ನೇರ ದಾರಿಯ ಅಳತೆ. 2013ರಲ್ಲಿ ರಜೆಗೆ ಬಂದಾಗ ಅದಕ್ಕೂ ಕಾಲ ಕೂಡಿಬಂತು. ತಮ್ಮನ ಮಗಳಿಗೆ ಸ್ಕೂಲಿಗೆ ಅಂತ ಕೊಂಡ ಒಂದು ಭೂಗೋಳ ಮನೆಯಲ್ಲಿತ್ತು, ಎಂಟಿಂಚಿನದು. ಅಮ್ಮ ಹೂವು ಕಟ್ಟುತ್ತಾ ಕೂತಿದ್ದಳು. ಅಮ್ಮನ ದಾರದುಂಡೆಯಿಂದ ಒಂದು ಮೊಳ ಕಿತ್ತುಕೊಂಡು, ಒಂದು ತುದಿಯನ್ನು ಬೆಂಗಳೂರಿನ ಮೇಲೆ ಅಪ್ಪನ ಹೆಬ್ಬೆರಳಿಂದ ಒತ್ತಿ ಹಿಡಿಸಿ, ಇನ್ನೊಂದು ತುದಿಯನ್ನು ಸ್ಯಾನ್ ಫ್ರಾನ್ಸಿಸ್ಕೋಗೆ ಎಳೆದು ಬಿಗಿ ಮಾಡಿದೆ.

ಅಪ್ಪ ಅಂದುಕೊಂಡಿದ್ದು ದಾರ ಪೂರ್ವಕ್ಕೆ ಹೋಗುತ್ತೆ, ಚೆನ್ನೈ ದಾಟಿ, ಸಮುದ್ರ ದಾಟಿ, ಇನ್ನೂ ಒಂದು ದೊಡ್ಡ ಸಮುದ್ರ ದಾಟಿ ಅಮೆರಿಕಾ ಸೇರುತ್ತೆ ಅಂತ. ಗೋಡೆಗೆ ನೇತುಹಾಕುವ ನಕ್ಷೆಯಲ್ಲಿ ನೋಡಿದರೆ ನಮಗೆಲ್ಲ ಹಾಗೇ ಅನ್ನಿಸುವುದು. ದಾರವನ್ನು ಬಿಗಿಯಾಗಿ ಎಳೆದಂತೆ ಅದು ಜಾರಿಕೊಂಡು ಜಾರಿಕೊಂಡು ಮೇಲಕ್ಕೆ ಹೋಯಿತು! ಬೆಂಗಳೂರಿನಿಂದ ಹೊರಟು ಅಲಹಾಬಾದಿನ ಆಸುಪಾಸು, ನೇಪಾಳ, ಟಿಬೆಟ್ಟು, ಮಂಗೋಲಿಯಾದ ಪಶ್ಚಿಮದ ಅಂಚು, ಸೈಬೀರಿಯಾ, ಅಲ್ಲಿಂದ ಆರ್ಕ್ಟಿಕ್ ಸಮುದ್ರದ ದಂಡೆ. ಅಲ್ಲಿ ದಾರ ನಿಧಾನಕ್ಕೆ ಬಾಗಿ ಅಲಾಸ್ಕಾ ಮೇಲೆ ಇಳಿದು, ಕೆನಡಾದ ಪಕ್ಕದ ಕಡಲಗುಂಟ ಬಂದು ಸ್ಯಾನ್ ಫ್ರಾನ್ಸಿಸ್ಕೋ. ಉತ್ತರಕ್ಕೆ 71 ಡಿಗ್ರಿ ಅಕ್ಷಾಂಶದ ತನಕ ಹತ್ತಿ ಇಳಿಯುತ್ತದೆ ಈ ದಾರಿ.

"ಅಮೆರಿಕಾ ಪೂರ್ವಕ್ಕೂ ಅಲ್ಲ, ಪಶ್ಚಿಮಕ್ಕೂ ಅಲ್ಲ, ಉತ್ತರಕ್ಕಿದೆ ಅನ್ನು!" ಅಪ್ಪನಿಗೆ ಆಶ್ಚರ್ಯವೋ ಆಶ್ಚರ್ಯ. "ಕಾಶಿ ದಾರಿಯಲ್ಲೇ ಹೋಗ್ಬೇಕಾ?" ಅಂತ ಅಮ್ಮ ಹೂವಿನಿಂದ ತಲೆ ಎತ್ತದೆ ಕೇಳಿದಳು.

ಆಮೇಲೆ ಅಳತೆ. ಶಾಲೆಯ ಸ್ಕೇಲು ಬಂತು. ಗೋಳದ ಹೊಟ್ಟೆಗೆ, ಅಂದರೆ ಸಮಭಾಜಕ ವೃತ್ತಕ್ಕೆ ದಾರ ಸುತ್ತಿ ಅಳೆದರೆ 63 ಸೆಂಟಿಮೀಟರ್. ಭೂಮಿಯ ಸುತ್ತಳತೆ 40,000 ಕಿಲೋಮೀಟರ್ ಅಂತ ನಾನು ಹೇಳಿಕೊಟ್ಟೆ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋದ ದಾರ 22 ಸೆಂಟಿಮೀಟರ್. ಅಪ್ಪ ಕ್ಯಾಲ್ಕುಲೇಟರ್ ಮುಟ್ಟುವವರಲ್ಲ. ಪಂಚಾಂಗದ ಹಿಂಬದಿಯಲ್ಲಿ ಗುಣಿಸಿ, ಭಾಗಿಸಿ, ಎರಡು ಸಲ ತಾಳೆ ನೋಡಿ, ಕೆಳಗೆ ಗೆರೆ ಎಳೆದರು: 13,968.

ನಿಜವಾದ ಲೆಕ್ಕ ಸುಮಾರು 13,990. ಹೂವಿನ ದಾರ, ಎಂಟಿಂಚಿನ ಗೋಳ, ಶಾಲೆಯ ಸ್ಕೇಲು... ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ವ್ಯತ್ಯಾಸ! ದುರ್ಗದಿಂದ ಐಮಂಗಲಕ್ಕೆ ಹೋದಷ್ಟು. ಇಂಜಿನಿಯರಿಂಗ್ ಓದಿದ ಮಗಳು ಇದ್ದೂ ಇಷ್ಟು ವರ್ಷ ಈ ಲೆಕ್ಕ ಮಾಡದೆ ಕೂತಿದ್ದಕ್ಕೆ ನನಗೇ ನಾಚಿಕೆಯಾಯಿತು.

ಇಲ್ಲೊಂದು ಮಾತು ಹೇಳಬೇಕು. ದಾರ ಹೋದ ಕಡೆಯೆಲ್ಲ ವಿಮಾನ ಹೋಗುವುದಿಲ್ಲ. ಹಿಮಾಲಯ, ಟಿಬೆಟ್ಟಿನ ಮೇಲೆ ಹಾರುವುದನ್ನು ಸಾಮಾನ್ಯವಾಗಿ ತಪ್ಪಿಸುತ್ತಾರೆ. ವಿಮಾನದೊಳಗಿನ ಗಾಳಿಯ ಒತ್ತಡ ಏನಾದರೂ ಹೋದರೆ ಬೇಗಬೇಗ ಹತ್ತು ಸಾವಿರ ಅಡಿಗೆ ಇಳಿಯಬೇಕು, ತಲೆ ಮೇಲಿಂದ ಬೀಳುವ ಆ ಮುಖವಾಡದಲ್ಲಿ ಆಮ್ಲಜನಕ ಬರುವುದು ಕೆಲವೇ ನಿಮಿಷ. ಆದರೆ ಟಿಬೆಟ್ಟಿನಲ್ಲಿ ನೆಲವೇ ಅದಕ್ಕಿಂತ ಎತ್ತರದಲ್ಲಿದೆ, ಇಳಿಯುವುದು ಎಲ್ಲಿಗೆ? ಇದಲ್ಲದೆ ಯಾವ ದೇಶ ತನ್ನ ಆಕಾಶದಲ್ಲಿ ಯಾರನ್ನು ಬಿಡುತ್ತದೆ, ಯಾರನ್ನು ಬಿಡುವುದಿಲ್ಲ ಅನ್ನುವುದು ಬೇರೆ. 2022ರ ಫೆಬ್ರವರಿಯಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ಅಮೆರಿಕದ ಕಂಪನಿಗಳಿಗೆ ರಷ್ಯಾದ ಆಕಾಶ ಮುಚ್ಚಿಹೋಯಿತು. ಅದಕ್ಕೇ ಅಪ್ಪ ಹೇಳುವುದು, ದೂರ ಸರ್ಕಾರದ್ದು ಅಂತ :-)

ಅಪ್ಪನ ಮುಂದಿನ ಅನುಮಾನ ಇನ್ನೂ ಗಟ್ಟಿಯಾದದ್ದು. "ಹೋಗೋದಕ್ಕೆ ಒಂದು ಟೈಮು, ಬರೋದಕ್ಕೆ ಒಂದು ಟೈಮು ಅಂತೀಯಲ್ಲ, ದೂರ ಅಷ್ಟೇ ತಾನೆ?"

ಭೂಮಿ ತಿರುಗುತ್ತೆ, ಅದಕ್ಕೇ ಹಾಗೆ ಅಂತ ಪಕ್ಕದ ಮನೆಯ ಮೇಷ್ಟ್ರು ಹೇಳಿದರು. ಪಶ್ಚಿಮಕ್ಕೆ ಬರುವಾಗ ಊರೇ ಎದುರು ಬರುತ್ತೆ, ಬೇಗ ಸಿಗಬೇಕು ಅನ್ನುವ ವಾದ. ಅದನ್ನು ಅಪ್ಪನೇ ಹೊಡೆದುಹಾಕಿದರು. "ಓಡೋ ಬಸ್ಸಲ್ಲಿ ಮೂವತ್ತು ವರ್ಷ ಹಿಂದಕ್ಕೂ ಮುಂದಕ್ಕೂ ಓಡಾಡಿದ್ದೀನಿ ಮೇಷ್ಟ್ರೇ. ಹಿಂದಿನ ಸೀಟಿಗೆ ಹೋಗೋಕೆ ಒಂದು ಹೊತ್ತು, ಮುಂದಿನ ಸೀಟಿಗೆ ಬರೋಕೆ ಒಂದು ಹೊತ್ತು ಆಗಲಿಲ್ಲ. ಚಿಲ್ಲರೆ ಮೇಲೆ ಚಿಮ್ಮಿದ್ರೆ ಅದೇ ಕೈಗೆ ಬೀಳ್ತಿತ್ತು. ಬಸ್ಸೊಳಗಿನ ಗಾಳೀನೂ ಬಸ್ಸಿನ ಜೊತೇಲೇ ಬರುತ್ತೆ." ಸರಿಯಾದ ಮಾತು. ಭೂಮಿ ತಿರುಗುವಾಗ ಅದರ ಮೇಲಿನ ಗಾಳಿಯೂ ಜೊತೆಗೇ ತಿರುಗುತ್ತದೆ, ವಿಮಾನ ಇರುವುದು ಆ ಗಾಳಿಯೊಳಗೆ.

ಹಾಗಾದರೆ ವ್ಯತ್ಯಾಸ ಯಾಕೆ? ಗಾಳಿ ಸುಮ್ಮನೆ ಜೊತೆಗೆ ಬರುವುದಷ್ಟೇ ಅಲ್ಲ, ಮೇಲೆ ಒಂಬತ್ತು ಹತ್ತು ಕಿಲೋಮೀಟರ್ ಎತ್ತರದಲ್ಲಿ ಅದು ಪಶ್ಚಿಮದಿಂದ ಪೂರ್ವಕ್ಕೆ ಹೊಳೆಯ ಹಾಗೆ ಹರಿಯುತ್ತದೆ. ಜೆಟ್ ಸ್ಟ್ರೀಮ್ ಅನ್ನುವುದು ಅದಕ್ಕೇ. ಉತ್ತರದ ಥಂಡಿಗೂ ದಕ್ಷಿಣದ ಸೆಕೆಗೂ ಇರುವ ವ್ಯತ್ಯಾಸದಿಂದ ಹುಟ್ಟುವ ಗಾಳಿಯನ್ನು ಭೂಮಿಯ ತಿರುಗುವಿಕೆ ಪೂರ್ವಕ್ಕೆ ತಿರುಗಿಸುತ್ತದೆ. ಚಳಿಗಾಲದಲ್ಲಿ ಇದರ ಆರ್ಭಟ ಜಾಸ್ತಿ, ಗಂಟೆಗೆ ಇನ್ನೂರು ಕಿಲೋಮೀಟರ್ ದಾಟುವುದು ಅಪರೂಪವೇನಲ್ಲ. ವಿಮಾನದ ವೇಗ ಗಂಟೆಗೆ 900 ಅಂದರೆ ಅದು ಸುತ್ತಲಿನ ಗಾಳಿಯ ಲೆಕ್ಕದಲ್ಲಿ. ಗಾಳಿ ನೂರು ಕಿಲೋಮೀಟರ್ ವೇಗದಲ್ಲಿ ಬೆನ್ನಿಗಿದ್ದರೆ ನೆಲದ ಲೆಕ್ಕದಲ್ಲಿ ಸಾವಿರ, ಎದುರಿಗಿದ್ದರೆ ಎಂಟುನೂರು.

ನಾನು ಇದನ್ನು ಹೇಳಿ ಮುಗಿಸುವ ಮೊದಲೇ ಅಪ್ಪ ನಗುತ್ತಿದ್ದರು. ಅವರ ಹುಟ್ಟೂರು ದುರ್ಗಕ್ಕೆ ಪಶ್ಚಿಮಕ್ಕೆ. ದುರ್ಗದ ಗಾಳಿ ನಿಮಗೆ ಗೊತ್ತಲ್ಲ, ಗುಡ್ಡದ ಮೇಲೆಲ್ಲ ಈಗ ಗಾಳಿಯಂತ್ರ ನೆಟ್ಟಿರುವುದು ಸುಮ್ಮನೆ ಅಲ್ಲ. ಆಷಾಢದಲ್ಲಿ ಅಪ್ಪ ಸೈಕಲ್ಲು ತುಳಿದುಕೊಂಡು ಹೈಸ್ಕೂಲಿಗೆ ಬರುವಾಗ ಮುಕ್ಕಾಲು ಗಂಟೆ, ಪೆಡಲ್ಲೇ ತುಳಿಯಬೇಕಿರಲಿಲ್ಲವಂತೆ. ಸಂಜೆ ಮನೆಗೆ ಹೋಗುವಾಗ ಒಂದೂಕಾಲು ಗಂಟೆ, ಕೆಲವು ದಿನ ಇಳಿದು ತಳ್ಳಿಕೊಂಡು. "ಹಂಗಾದ್ರೆ ನಿಂದೂ ನಂದೂ ಒಂದೇ ಕಥೆ. ಮನೆಗೆ ಬರೋವಾಗಲೇ ಎದುರುಗಾಳಿ" ಅಂದರು.

ಆ ಮೇಲೆ 2021. ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಏರ್ ಇಂಡಿಯಾದ ನೇರ ವಿಮಾನ ಹಾರಿತು, ಎಲ್ಲೂ ನಿಲ್ಲದೆ. ಒಂಬತ್ತನೇ ತಾರೀಕು ಶನಿವಾರ ರಾತ್ರಿ ಅಲ್ಲಿಂದ ಹೊರಟದ್ದು ಹನ್ನೊಂದನೇ ತಾರೀಕು ಸೋಮವಾರ ಬೆಳಗಿನ ಜಾವ ಬೆಂಗಳೂರು ಮುಟ್ಟಿತು. ಹದಿನೇಳು ಗಂಟೆ ಚಿಲ್ಲರೆ, ಉತ್ತರ ಧ್ರುವದ ಮೇಲಿನ ದಾರಿ. ಕಾಕ್‌ಪಿಟ್ಟಿನಲ್ಲಿ ಇದ್ದವರು ಎಲ್ಲರೂ ಹೆಣ್ಣುಮಕ್ಕಳು, ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದಲ್ಲಿ ನಾಲ್ಕು ಜನ. ಅಪ್ಪ ಪೇಪರಿನ ಆ ಪುಟ ಕತ್ತರಿಸಿ ಇಟ್ಟುಕೊಂಡು ನನಗೆ ಫೋನಿನಲ್ಲಿ ಇಡೀ ಸುದ್ದಿ ಓದಿ ಹೇಳಿದರು. ನಾನು ಇರುವ ಊರಿನಿಂದ ಹೊರಟ ವಿಮಾನದ ಸುದ್ದಿ ನನಗೆ ದುರ್ಗದಿಂದ!

ಅಲ್ಲಿಂದ ಅವರ ಪ್ರಶ್ನೆಗಳ ಮಳೆ. ನಾನ್‌ಸ್ಟಾಪ್ ಅಂದ್ರೆ ಟೀಗೂ ನಿಲ್ಲಿಸಲ್ವಾ? ಡ್ರೈವರ್ ಊಟ ಎಲ್ಲಿ? (ಪಾಳಿಯ ಮೇಲೆ ಇಬ್ಬಿಬ್ಬರು ಮಲಗಿ ಎದ್ದು ಓಡಿಸುತ್ತಾರೆ ಅಂದೆ. "ಹಂಗಾದ್ರೆ ಡಬಲ್ ಡ್ಯೂಟಿ ಅಲ್ಲ" ಅಂತ ಒಪ್ಪಿಗೆ.) ಡೀಸೆಲ್ ಎಷ್ಟು ಹಿಡಿಸುತ್ತೆ? ಆ ಬೋಯಿಂಗ್ 777-200ಎಲ್‌ಆರ್ ವಿಮಾನದ ಟ್ಯಾಂಕಿನಲ್ಲಿ 1,80,000 ಲೀಟರಿಗೂ ಹೆಚ್ಚು ಹಿಡಿಸುತ್ತದೆ. ಲೀಟರಿಗೆ ಎಷ್ಟು ಕೊಡುತ್ತೆ? ಲೆಕ್ಕ ಹಾಕಿದರೆ ನೂರು ಮೀಟರೂ ಇಲ್ಲ. ಅಪ್ಪ ಕೆಲಹೊತ್ತು ಮಾತೇ ಆಡಲಿಲ್ಲ. "ನಮ್ಮ ಗಾಡಿ ಲೀಟರಿಗೆ ಐದು ಕಿಲೋಮೀಟ್ರು ಕೊಟ್ಟಿಲ್ಲ ಅಂತ ಡ್ರೈವರಿಗೆ ಮೆಮೊ ಕೊಡ್ತಿದ್ರು ಕಣೇ."

ಅವರನ್ನು ಪೂರ್ತಿ ಸೋಲಿಸಿದ್ದು ಮಾತ್ರ ಗಡಿಯಾರ. ಚಳಿಗಾಲದಲ್ಲಿ ನಮ್ಮೂರಿಗೂ ಇಲ್ಲಿಗೂ ಹದಿಮೂರೂವರೆ ಗಂಟೆ ಅಂತರ. ಬೆಂಗಳೂರಿನಿಂದ ಮಧ್ಯಾಹ್ನ ಎರಡೂವರೆಗೆ ಹೊರಟು ಹದಿನಾರು ಗಂಟೆ ಹಾರಿದರೆ ಇಲ್ಲಿ ಇಳಿಯುವುದು ಅದೇ ದಿನ ಸಂಜೆ ಐದಕ್ಕೆ. "ಎರಡೂವರೆ ತಾಸಿನಲ್ಲಿ ಹದಿನಾಲ್ಕು ಸಾವಿರ ಕಿಲೋಮೀಟ್ರು? ಈ ವೇ ಬಿಲ್ಲು ಯಾವ ಡಿಪೋದಲ್ಲೂ ಪಾಸಾಗಲ್ಲ!" ಅಂದರು. ಬರುವಾಗ ಇದಕ್ಕೆ ಉಲ್ಟಾ. ಶನಿವಾರ ರಾತ್ರಿ ಹತ್ತಿದವರು ಸೋಮವಾರ ಬೆಳಗ್ಗೆ ಇಳಿದರು, ಭಾನುವಾರ ಎಲ್ಲಿ ಹೋಯ್ತು? ಭಾನುವಾರ ಎಲ್ಲೂ ಹೋಗಿಲ್ಲ ಅಪ್ಪಾ, ಕಿಟಕಿಯಾಚೆ ಇತ್ತು ಅಂದೆ. ಅದೇನು ಉತ್ತರವೋ ನನಗೇ ಗೊತ್ತಿಲ್ಲ.

"ಆ ಡೈರೆಕ್ಟ್ ಗಾಡೀಲಿ ಒಂದ್ಸಲ ಬರ್ತೀನಿ" ಅಂತ ಅಪ್ಪ ಹೇಳಿದ್ದು ಅದೇ ವರ್ಷ. 2019ರಲ್ಲೇ ಪಾಸ್‌ಪೋರ್ಟ್ ಮಾಡಿಸಿ ಇಟ್ಟಿದ್ದೆವು. ಆದರೆ ಮೊದಲು ಕೊರೋನಾ, ಆಮೇಲೆ ಮಂಡಿನೋವು, ಆಮೇಲೆ ವೀಸಾ ಸಂದರ್ಶನದ ತಾರೀಕು ಸಿಗದೆ... ಏನೇನೋ. ಅಮ್ಮ ಮಾತ್ರ "ದೂರ ಗೀರ ಏನಿಲ್ಲ, ಇದೆಲ್ಲ ಕಾಗದದ ಕಾಟ" ಅಂತ ಒಂದೇ ಮಾತಿನಲ್ಲಿ ಮುಗಿಸುತ್ತಿದ್ದಳು. 2023ರ ಜೂನ್‌ನಲ್ಲಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟ ವಿಮಾನವೊಂದು ಇಂಜಿನ್ ತೊಂದರೆಯಿಂದ ರಷ್ಯಾದ ಮಗದಾನ್ ಅನ್ನುವ ಊರಿನಲ್ಲಿ ಇಳಿದು, ಇನ್ನೂರಕ್ಕೂ ಹೆಚ್ಚು ಜನ ಅಲ್ಲೇ ಸಿಕ್ಕಿಹಾಕಿಕೊಂಡು, ಬೇರೆ ವಿಮಾನ ಹೋಗಿ ಕರೆತಂದರಲ್ಲ, ಆಗ ಅಪ್ಪ ಗೋಳ ತೆಗೆದು ಮಗದಾನ್ ಹುಡುಕಿದರಂತೆ. "ಬ್ರೇಕ್‌ಡೌನ್ ಆದ್ರೆ ನಿಲ್ಲೋಕೆ ಅಲ್ಲೂ ಒಂದು ಸ್ಟೇಜ್ ಇದೆ ಅಂತ ಆಯ್ತಲ್ಲ, ಪರವಾಗಿಲ್ಲ" ಅಂದರು. ಬೇರೆಯವರಾಗಿದ್ದರೆ ಹೆದರುತ್ತಿದ್ದರು. ಅಪ್ಪನಿಗೆ ಅದರಿಂದ ಧೈರ್ಯ ಬಂತು.

ಅದೇ ವರ್ಷ ನವೆಂಬರ್. ಬುಧವಾರ ರಾತ್ರಿ ಒಂಬತ್ತು ನಲವತ್ತಕ್ಕೆ ಫೋನು. ಅಲ್ಲಿ ಗುರುವಾರ ಬೆಳಗ್ಗೆ ಹನ್ನೊಂದೂ ಹತ್ತು. ಈ ಹೊತ್ತಿಗೆ ತಮ್ಮ ಮಾಡುವವನೇ ಅಲ್ಲ.

"ಅಕ್ಕಾ, ಅಪ್ಪಂಗೆ ಲಕ್ವಾ ಹೊಡೆದಿದೆ."

ಬಲಗೈ ಬಲಗಾಲು ಆಡುತ್ತಿಲ್ಲ. ಮಾತು ನಿಂತಿದೆ. ರಾತ್ರಿ ಮಲಗುವಾಗ ಚೆನ್ನಾಗಿದ್ದರು, ಬೆಳಗ್ಗೆ ಏಳುವಾಗ ಹೀಗೆ. ರಕ್ತ ಹೆಪ್ಪುಗಟ್ಟಿ ಆಗುವ ಲಕ್ವಾಕ್ಕೆ ಹೆಪ್ಪು ಕರಗಿಸುವ ಇಂಜೆಕ್ಷನ್ ಒಂದಿದೆ, ಅದನ್ನು ಸಾಮಾನ್ಯವಾಗಿ ಲಕ್ವಾ ಹೊಡೆದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ನಿದ್ದೆಯಲ್ಲಿ ಎಷ್ಟು ಹೊತ್ತಿಗೆ ಆಯಿತೋ ಯಾರಿಗೆ ಗೊತ್ತು? ಡಾಕ್ಟರು ಕೊಡಲು ಬರುವುದಿಲ್ಲ ಅಂದರು. ನಾಲ್ಕೂವರೆ ಗಂಟೆ. ತಮ್ಮ ಈ ಮಾತು ಹೇಳಿದಾಗ ನನ್ನ ತಲೆಯೊಳಗೆ ಓಡಿದ್ದು ಏನು ಗೊತ್ತಾ? ದುರ್ಗ, ಐಮಂಗಲ, ಹಿರಿಯೂರು, ಶಿರಾ...

ನೇರ ವಿಮಾನ ಆಗ ವಾರಕ್ಕೆ ಕೆಲವು ದಿನ ಮಾತ್ರ. ನನಗೆ ಬೇಕಾದ ದಿನ ಇರಲಿಲ್ಲ. ಸಿಕ್ಕಿದ್ದು ಮಾರನೇ ದಿನ ಮಧ್ಯಾಹ್ನ ನಾಲ್ಕಕ್ಕೆ ದುಬೈ ಮೇಲೆ. ಟಿಕೆಟ್ ಮಾಡಿ, ಆಫೀಸಿಗೆ ಬರೆದು, ಮಗನನ್ನು ಗೆಳತಿಯ ಮನೆಗೆ ಬಿಡುವ ಏರ್ಪಾಡು ಮಾಡಿ, ಚೀಲಕ್ಕೆ ಏನೇನೋ ತುಂಬಿ... ರಾತ್ರಿಯೆಲ್ಲ ಎಚ್ಚರ. ಕೆಲಸ ಮುಗಿದ ಮೇಲೂ ಹೊರಡುವುದಕ್ಕೆ ಇನ್ನೂ ಒಂಬತ್ತು ಗಂಟೆ ಉಳಿದಿತ್ತು. ಆ ಒಂಬತ್ತು ಗಂಟೆಯಲ್ಲಿ ನಾನು ಒಂದು ಕಿಲೋಮೀಟರೂ ಊರಿನ ಹತ್ತಿರ ಹೋಗಲಿಲ್ಲ. ದೂರ ಅನ್ನುವುದು ಹಾರುವಾಗ ಕಾಡುವುದಿಲ್ಲ ಮಾರಾಯ್ರೆ, ಮನೆಯಲ್ಲಿ ಸೂಟ್‌ಕೇಸ್ ಪಕ್ಕ ಕೂತಿರುವಾಗ ಕಾಡುತ್ತದೆ.

ಸ್ಯಾನ್ ಫ್ರಾನ್ಸಿಸ್ಕೋದಿಂದ ದುಬೈಗೆ ದಾರ ಎಳೆದರೆ ಅದು ಹೆಚ್ಚುಕಮ್ಮಿ ಉತ್ತರ ಧ್ರುವದ ನೆತ್ತಿಯ ಮೇಲೇ ಹೋಗುತ್ತದೆ. ಎರಡೂ ಊರುಗಳು ಭೂಮಿಯ ಎದುರುಬದುರು ರೇಖಾಂಶದಲ್ಲಿವೆ, ಅದಕ್ಕೆ. ಸುಮಾರು 13,000 ಕಿಲೋಮೀಟರ್, ಹದಿನೈದೂ ಮುಕ್ಕಾಲು ಗಂಟೆ. ಮುಂದಿನ ಸೀಟಿನ ಹಿಂಬದಿಯ ಪರದೆಯಲ್ಲಿ ಸಿನಿಮಾ ಹಾಕದೆ ನಕ್ಷೆಯನ್ನೇ ನೋಡುತ್ತಾ ಕೂತೆ. ಬಿಳಿ ವಿಮಾನದ ಗುರುತೊಂದು ಕೆನಡಾದ ಮೇಲೆ ತೆವಳುತ್ತಿತ್ತು. ಹೊರಗೆ ಮೈನಸ್ ಅರವತ್ತರ ಹತ್ತಿರ. ನವೆಂಬರಿನಲ್ಲಿ ಆ ಕಡೆಗೆಲ್ಲ ಸೂರ್ಯ ಹುಟ್ಟುವುದೇ ಇಲ್ಲ, ಕಿಟಕಿಯ ಪರದೆ ಎತ್ತಿದಾಗೆಲ್ಲ ಕತ್ತಲೆ. ಎಷ್ಟೋ ಹೊತ್ತಿನ ಮೇಲೆ ಎತ್ತಿದರೂ ಅದೇ ಕತ್ತಲೆ. ಹಿಂದಿನ ಸೀಟಿನ ಮಗು ಅತ್ತು ಅತ್ತು ಮಲಗಿತು. "ಉಳಿದ ದೂರ" ಅಂತ ಪರದೆಯ ಮೂಲೆಯಲ್ಲಿ ಒಂದು ಅಂಕಿ ಇಳಿಯುತ್ತಿತ್ತು. ಅದರ ಪಕ್ಕದಲ್ಲೇ "ಉಳಿದ ಸಮಯ". ನಾನು ಸಮಯವನ್ನು ಕೈಯಿಂದ ಮುಚ್ಚಿ ದೂರವನ್ನಷ್ಟೇ ನೋಡಿದೆ. 9,000. ಕಣ್ಣು ಮುಚ್ಚಿ ತೆಗೆದೆ, 8,960. ಅಪ್ಪ ಇದ್ದಾರೋ ಇಲ್ಲವೋ ಗೊತ್ತಿಲ್ಲದೆ ಹದಿನೈದೂ ಮುಕ್ಕಾಲು ಗಂಟೆ. ವೈಫೈ ಇತ್ತು, ದುಡ್ಡು ಕೊಟ್ಟರೆ ಮೆಸೇಜು ನೋಡಬಹುದಿತ್ತು. ನೋಡಲಿಲ್ಲ. ಕೆಟ್ಟ ಸುದ್ದಿ ಆದರೆ ಇಷ್ಟು ಜನರ ಮಧ್ಯೆ ಬೆಲ್ಟ್ ಕಟ್ಟಿಕೊಂಡು ಕೂತು ಏನು ಮಾಡಲಿ?

ದುಬೈನಲ್ಲಿ ಎರಡು ಗಂಟೆ ಹಾಲ್ಟಿಂಗ್. ಫೋನು ಆನ್ ಮಾಡುವಾಗ ಕೈ ನಡುಗಿತು. ತಮ್ಮನ ಒಂದೇ ಮೆಸೇಜು: "ಹಾಗೇ ಇದ್ದಾರೆ." ಈ ಎರಡು ಪದ ಅಷ್ಟು ಸಿಹಿಯಾಗಿರಬಹುದು ಅಂತ ನನಗೆ ಗೊತ್ತಿರಲಿಲ್ಲ.

ಅಲ್ಲಿಂದ ಬೆಂಗಳೂರಿಗೆ 2,700 ಕಿಲೋಮೀಟರ್. ಶನಿವಾರ ಬೆಳಗಿನ ಜಾವ ಮೂರೂಕಾಲಿಗೆ ಇಳಿದೆ. ಟ್ಯಾಕ್ಸಿ ತುಮಕೂರು ದಾಟುವಾಗಲೂ ಕತ್ತಲೆ, ಶಿರಾ ಹತ್ತಿರ ಬೆಳಕು ಹರಿಯಿತು. ಹಿರಿಯೂರು ಆದ ಮೇಲೆ ಗುಡ್ಡದ ಸಾಲಿನಲ್ಲಿ ಗಾಳಿಯಂತ್ರಗಳು ಕಂಡವು, ನಿಧಾನಕ್ಕೆ ತಿರುಗುತ್ತಿದ್ದವು. ಆಸ್ಪತ್ರೆಯ ಬಾಗಿಲಿಗೆ ಎಂಟೂಕಾಲು. ಮನೆ ಬಾಗಿಲಿನಿಂದ ಆಸ್ಪತ್ರೆ ಬಾಗಿಲಿಗೆ ಮೂವತ್ತು ಗಂಟೆ ಹದಿನೈದು ನಿಮಿಷ. ಫೋನು ಬಂದ ಹೊತ್ತಿನಿಂದ ಎಣಿಸಿದರೆ ನಲವತ್ತೈದು.

ಅಪ್ಪ ಕಣ್ಣು ಬಿಟ್ಟುಕೊಂಡೇ ಇದ್ದರು. ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು. ಗಡ್ಡ ಬೆಳೆದಿತ್ತು, ಅಪ್ಪನನ್ನು ಗಡ್ಡದಲ್ಲಿ ನಾನು ನೋಡಿದ್ದೇ ಇಲ್ಲ, ಡ್ಯೂಟಿಗೆ ಹೋಗುವವರಿಗೆ ದಿನಾ ಕ್ಷೌರ ಆಗಲೇಬೇಕಿತ್ತು. ನನ್ನನ್ನು ನೋಡಿ ಗಂಟಲಿನಿಂದ ಏನೋ ಸದ್ದು ಮಾಡಿದರು, ಮಾತಾಗಲಿಲ್ಲ. ನಮ್ಮ ಮಾತು ಅರ್ಥವಾಗುತ್ತೆ, ಅವರಿಗೆ ಹೇಳುವುದಕ್ಕೆ ಆಗುವುದಿಲ್ಲ ಅಂತ ಡಾಕ್ಟರು ತಮ್ಮನಿಗೆ ಹೇಳಿದ್ದರಂತೆ. ಚೆನ್ನಾಗಿದ್ದ ಎಡಗೈಯನ್ನು ಹಿಡಿದುಕೊಂಡು ಕೂತೆ. ಅತ್ತರೆ ಅವರಿಗೆ ಗಾಬರಿಯಾಗುತ್ತೆ ಅಂತ ತಮ್ಮ ಬಾಗಿಲಲ್ಲೇ ಎಚ್ಚರಿಕೆ ಕೊಟ್ಟಿದ್ದ. ಏನು ಮಾತಾಡಬೇಕೋ ತಿಳಿಯದೆ ಬಾಯಿಗೆ ಬಂದದ್ದು ಹೇಳಿದೆ.

"ಮೂವತ್ತು ಗಂಟೆ ಆಯ್ತು ಅಪ್ಪಾ."

ಅಪ್ಪ ತಲೆಯನ್ನು ದಿಂಬಿನ ಮೇಲೆ ಆ ಕಡೆ ಈ ಕಡೆ ಸ್ವಲ್ಪ ಆಡಿಸಿದರು. ಅಲ್ಲ ಅಂತ.

ನನಗೆ ಅರ್ಥವಾಯಿತು. "ಹದಿಮೂರು ಸಾವಿರ ದುಬೈಗೆ. ಅಲ್ಲಿಂದ ಬೆಂಗಳೂರಿಗೆ ಎರಡು ಸಾವಿರದ ಏಳುನೂರು. ಒಟ್ಟು ಹದಿನೈದು ಸಾವಿರದ ಏಳುನೂರು ಕಿಲೋಮೀಟ್ರು."

ಅಪ್ಪ ನನ್ನ ಕೈಯಿಂದ ತಮ್ಮ ಕೈ ಬಿಡಿಸಿಕೊಂಡರು. ಎರಡು ಬೆರಳು ಎತ್ತಿದರು.

"ನೀರು ಬೇಕಾ?" ತಮ್ಮ ಕೇಳಿದ. ಬೆರಳು ಇಳಿಯಲಿಲ್ಲ. "ಎರಡನೇ ಸಲಕ್ಕೆ ಹೋಗಬೇಕಂತೇನೋ, ನರ್ಸಮ್ಮನ್ನ ಕರಿ" ಅಂದಳು ಅಮ್ಮ. ಅದೂ ಅಲ್ಲ. ಬೆರಳು ಎರಡೂ ನನ್ನ ಮುಖಕ್ಕೇ ನೆಟ್ಟಿದ್ದವು, ಚಿಲ್ಲರೆ ಕೊಡದೆ ಇಳಿದು ಹೋಗುತ್ತಿರುವ ಪ್ರಯಾಣಿಕನನ್ನು ನೋಡುವ ಹಾಗೆ ನೋಡುತ್ತಿದ್ದರು.

"ಇನ್ನೂರು" ಅಂದೆ. "ಬೆಂಗಳೂರಿಂದ ದುರ್ಗಕ್ಕೆ. ಸೇರಿಸಿಲ್ಲ ನಾನು. ಹದಿನೈದು ಸಾವಿರದ ಒಂಬೈನೂರು."

ಬೆರಳು ಇಳಿದವು. ಅಪ್ಪ ಕಣ್ಣು ಮುಚ್ಚಿಕೊಂಡರು. ಅಷ್ಟರಲ್ಲಿ ನರ್ಸ್ ಬಂದು, ಟೈಮಾಯ್ತು, ಎಲ್ಲರೂ ಹೊರಗೆ ಹೋಗಿ ಅಂದರು.